ಕುದುರೆ ಹುಲ್ಲು ಅಗಿದು ಉಂಡೆ ಮಾಡಿ ಬೀಳಿಸ್ತಿರೋದಕ್ಕೆ
ಹೆಚ್ಚಾಗಿ ದವಡೆ ಹಲ್ಲಿನ ಅಂಚು ಚೂಪಾಗಿರೋದೇ ಕಾರಣ, ಮೇಲಿನ ಹಲ್ಲು ಹೊರಗಡೆ ಚೂಪಾಗಿ ಕೆನ್ನೆ ಕೊಯ್ಯುತ್ತೆ, ಕೆಳಗಿಂದು ಒಳಗಡೆ ಚೂಪಾಗಿ ನಾಲಿಗೆ. ಅಲ್ಲಾಡೋ ಹಲ್ಲೂ ಇರಬಹುದು, ಬಾಯಿ ತೆಗೆಸಿ ನೋಡದೆ ಖಚಿತ ಹೇಳಕ್ಕಾಗಲ್ಲ. ಮೊದಲು ಕೆನ್ನೆ ಹೊರಗಿಂದ ಹಲ್ಲಿನ ಸಾಲಿನ ಮೇಲೆ ಮೆತ್ತಗೆ ಒತ್ತಿ ನೋಡಿ, ತಲೆ ಎಳ್ಕೊಂಡ್ರೆ ಅಲ್ಲಿ ನೋವಿದೆ. ಬಾಯೊಳಗೆ ಮಾತ್ರ ದಯವಿಟ್ಟು ಕೈ ಹಾಕ್ಬೇಡಿ. ಆಮೇಲೆ ಕುದುರೆ ನೋಡಿ ಅಭ್ಯಾಸ ಇರೋ ವೆಟ್ ಕರೆಸಿ, ಮಂಪರು ಬರೋ ಇಂಜೆಕ್ಷನ್ ಕೊಟ್ಟು ಚೂಪು ಅಂಚನ್ನ ಅರದಲ್ಲಿ ಉಜ್ಜಿ ಸರಿ ಮಾಡ್ತಾರೆ. ಅಲ್ಲಿವರೆಗೂ ಕಡಿವಾಣ ಹಾಕ್ಬೇಡಿ, ಮೇವು ನೆನೆಸಿ ಮೆತ್ತಗೆ ಮಾಡಿ ಕೊಡಿ. ಒಂದೇ ಹೊಳ್ಳೆಯಿಂದ ಗಬ್ಬುವಾಸನೆ ಸಿಂಬಳ ಬರ್ತಿದ್ರೆ ಹಲ್ಲಿನ ಬೇರಿಗೆ ಸೋಂಕಾಗಿರಬಹುದು, ಇವತ್ತೇ ಫೋನ್ ಮಾಡಿ. ಮುಂದೆ ವರ್ಷಕ್ಕೊಂದ್ಸಲ ತೋರಿಸಿ, 5 ವರ್ಷದೊಳಗಿನ ಕುದುರೆ ಆದ್ರೆ 6 ತಿಂಗಳಿಗೊಂದ್ಸಲ.