ನಾಲ್ಕು ತಾಸು ರಿಯಾಜ್ ಮಾಡಿದರೂ ಧ್ವನಿ ಒಡೆಯುತ್ತಿದೆ, ಏನು ಮಾಡಲಿ?

ಪ್ರಶ್ನೆ: ಅಕ್ಕ, ನನಗೆ 28 ವರ್ಷ. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ, ದಿನಕ್ಕೆ ಆರು ಪೀರಿಯಡ್. ಬೆಳಗಿನ ಪ್ರಾರ್ಥನೆ ಹಾಡಿಸುವುದೂ ನಾನೇ. ಚಿಕ್ಕಂದಿನಿಂದ ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದೇನೆ. ಕಳೆದ ವರ್ಷ ಆಕಾಶವಾಣಿ ಆಡಿಷನ್‌ನಲ್ಲಿ ಪಾಸಾಗಲಿಲ್ಲ. ಅವತ್ತಿನಿಂದ ಹಟ ಹಿಡಿದು ಬೆಳಿಗ್ಗೆ 4ರಿಂದ 6, ರಾತ್ರಿ 9ರಿಂದ 11 ಹಾಡುತ್ತಿದ್ದೇನೆ. ಎರಡು ತಿಂಗಳಿಂದ ಧ್ವನಿ ಗೊಗ್ಗರಾಗಿದೆ, ತಾರ ಷಡ್ಜದಲ್ಲಿ, ಅಂದರೆ ಮೇಲಿನ 'ಸ'ದಲ್ಲಿ, ಒಡೆಯುತ್ತದೆ. ಈಗೀಗ ತಂಬೂರಿ ಕಂಡರೇ ಸಿಟ್ಟು. ಅವ್ವನ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ. ಜೊತೆಗೆ ಕಲಿಯುವ ಹುಡುಗಿ ದಿನಕ್ಕೆ ಐದು ತಾಸು ಹಾಡುತ್ತಾಳೆ. ಕಷ್ಟಪಡದೆ ಸ್ವರ ಒಲಿಯೋದಿಲ್ಲ ಅಂತಾರೆ ನಮ್ಮ ಗುರುಗಳು. ರಿಯಾಜ್ ಕಡಿಮೆ ಮಾಡಿದರೆ ಎಲ್ಲರ ಹಾಗೆ ಸಾಧಾರಣವಾಗಿ ಉಳಿದುಬಿಡ್ತೀನಾ?
— ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಮೊದಲು ಗಂಟಲಿನ ವಿಷಯ, ಉಳಿದದ್ದು ಆಮೇಲೆ. ಗೊಗ್ಗರು ಧ್ವನಿ ಮೂರು ನಾಲ್ಕು ವಾರ ದಾಟಿದರೆ ಇಎನ್‌ಟಿ ಡಾಕ್ಟರಿಗೆ ತೋರಿಸಲೇಬೇಕು. ನಿಮಗೆ ಎರಡು ತಿಂಗಳಾಗಿದೆ. ಜ್ಯೇಷ್ಠಮಧು, ಮೆಣಸಿನ ಕಷಾಯ ಎಲ್ಲ ಮಾಡಿ ನೋಡಿರುತ್ತೀರಿ, ಗೊತ್ತು. ಅವು ಗಂಟಲಿಗೆ ಹಿತ ಕೊಡುತ್ತವೆ, ಧ್ವನಿತಂತುಗಳ ಮೇಲೆ ಗಂಟು ಎದ್ದಿದ್ದರೆ ಅದನ್ನು ಕರಗಿಸುವುದಿಲ್ಲ. ಸಣ್ಣ ಕ್ಯಾಮೆರಾ ಇಳಿಸಿ ನೋಡುತ್ತಾರೆ, ಕೆಲವೇ ನಿಮಿಷದ ಕೆಲಸ. ಗಂಟು ಇದ್ದರೂ ಹೆದರಬೇಡಿ. ಧ್ವನಿಗೆ ವಿಶ್ರಾಂತಿ ಕೊಟ್ಟು, ಸ್ಪೀಚ್ ಥೆರಪಿಸ್ಟ್ ಹೇಳಿದ ಹಾಗೆ ನಡೆದುಕೊಂಡರೆ ಹೆಚ್ಚಿನವು ಆಪರೇಷನ್ ಇಲ್ಲದೇ ಇಳಿಯುತ್ತವೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ನಾಲ್ಕು ತಾಸು ಹಾಡುತ್ತೇನೆ ಅಂದಿದ್ದೀರಿ. ಅಲ್ಲ, ನೀವು ಧ್ವನಿ ಬಳಸುತ್ತಿರುವುದು ಎಂಟು ತಾಸು. ಆರು ಪೀರಿಯಡ್ ಅಂದರೆ ಅದೇ ನಾಲ್ಕು ತಾಸಾಯಿತು. ಫ್ಯಾನ್ ಸದ್ದು, ಸೀಮೆಸುಣ್ಣದ ಪುಡಿ, ಹಿಂದಿನ ಬೆಂಚಿಗೂ ಕೇಳಬೇಕು ಅನ್ನುವ ಕೂಗು. ಶಾಲೆಗೆ ಬೇರೆ ಗಂಟಲು, ಸಂಗೀತಕ್ಕೆ ಬೇರೆ ಗಂಟಲು ಇಲ್ಲವಲ್ಲ? ಕಪ್ಪು ನಾಲ್ಕರ (ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆಯ) ಶ್ರುತಿಯಲ್ಲಿ ಮಧ್ಯ ಷಡ್ಜ, ಅಂದರೆ ನಡುವಿನ 'ಸ', ಹಿಡಿದಾಗಲೇ ಹೆಣ್ಣಿನ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ತಾಗುತ್ತವೆ. ತಾರ ಷಡ್ಜದಲ್ಲಿ ಅದು 400 ದಾಟುತ್ತದೆ. ದಿನವಿಡೀ ಪಾಠ ಮಾಡಿ ಊದಿಕೊಂಡ ತಂತುಗಳನ್ನು ರಾತ್ರಿ ಒಂಬತ್ತಕ್ಕೆ ಹಾಗೆ ಓಡಿಸಿದರೆ ಒಡೆಯದೆ ಇನ್ನೇನು? ನಿಮ್ಮ ಗೆಳತಿಯ ಐದು ತಾಸನ್ನು ನೋಡುವ ಮುಂಚೆ ಅವಳ ಉಳಿದ ದಿನ ಹೇಗಿದೆ ಅಂತಲೂ ನೋಡಿ.

ಇನ್ನು 'ಸಾಧಾರಣವಾಗಿ ಉಳಿದುಬಿಡ್ತೀನಾ' ಅನ್ನುವ ಭಯ. ನಿಮ್ಮನ್ನು ರಾತ್ರಿ ಕೂರಿಸುತ್ತಿರುವುದು ಸಂಗೀತಕ್ಕಿಂತ ಜಾಸ್ತಿ ಇದೇ ಅಂತ ನನಗನ್ನಿಸುತ್ತದೆ. ಹತ್ತು ಸಾವಿರ ಗಂಟೆ ಅಭ್ಯಾಸ ಮಾಡಿದರೆ ಯಾರು ಬೇಕಾದರೂ ನಿಪುಣರಾಗುತ್ತಾರೆ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಅದರ ಮೂಲ ಬರ್ಲಿನ್‌ನ ಸಂಗೀತ ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನ. ಮನೋವಿಜ್ಞಾನಿ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಅದನ್ನು ಪ್ರಕಟಿಸಿದ್ದು 1993ರಲ್ಲಿ. ಗಂಟೆಯ ಲೆಕ್ಕ ಊರೆಲ್ಲ ಹಬ್ಬಿತು, ಉಳಿದದ್ದನ್ನು ಯಾರೂ ಓದಲಿಲ್ಲ. ಅಲ್ಲಿನ ಅತ್ಯುತ್ತಮ ಪಿಟೀಲು ವಿದ್ಯಾರ್ಥಿಗಳು ಒಬ್ಬರೇ ಕೂತು ಅಭ್ಯಾಸ ಮಾಡುತ್ತಿದ್ದುದು ದಿನಕ್ಕೆ ಸುಮಾರು ಮೂರೂವರೆ ತಾಸು, ಅದೂ ಒಂದೂವರೆ ತಾಸಿನೊಳಗಿನ ಕಂತುಗಳಲ್ಲಿ, ನಡುವೆ ವಿರಾಮ ಕೊಟ್ಟು. ಮಧ್ಯಾಹ್ನದ ಜೊಂಪೂ ಸೇರಿ ಅವರ ನಿದ್ದೆ 8.6 ತಾಸು, ಕೆಳಗಿನ ಗುಂಪಿನವರಿಗಿಂತ ಮುಕ್ಕಾಲು ತಾಸು ಜಾಸ್ತಿ. ಅವರು ಪೂರ್ಣಾವಧಿ ಸಂಗೀತ ಕಲಿಯುತ್ತಿದ್ದವರು, ಅದೂ ಗಂಟಲಲ್ಲ, ಪಿಟೀಲು. ನೀವೋ ರಾತ್ರಿ ಹನ್ನೊಂದಕ್ಕೆ ತಂಬೂರಿ ಕೆಳಗಿಟ್ಟು ಬೆಳಿಗ್ಗೆ ನಾಲ್ಕಕ್ಕೆ ಏಳುತ್ತೀರಿ. ಐದು ತಾಸೂ ನಿದ್ದೆ ಇಲ್ಲ.

ಅಷ್ಟು ದೂರ ಯಾಕೆ, ನಿಮ್ಮೂರಲ್ಲೇ ಇದ್ದ ಗಂಗೂಬಾಯಿ ಹಾನಗಲ್ ಅವರನ್ನೇ ನೋಡಿ. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತವರು. ಆ ಗುರುಗಳು ಒಮ್ಮೆಗೆ ಕೊಡುತ್ತಿದ್ದ ಪಾಠ ಬಹಳ ಕಡಿಮೆ. ಕೊಟ್ಟಷ್ಟನ್ನೇ ಮತ್ತೆ ಮತ್ತೆ ತಿದ್ದಿಸುತ್ತಿದ್ದರು. ಗಂಟಲಿನ ಆಪರೇಷನ್ ಆಗಿ ಗಂಗೂಬಾಯಿಯವರ ಧ್ವನಿಯೇ ಬದಲಾಯಿತು. ಬದಲಾದ ಆ ಧ್ವನಿಯಲ್ಲೇ ದಶಕಗಳ ಕಾಲ ಹಾಡಿದರು. ದಂತಕಥೆಗಳಲ್ಲಿ ಬರುವ ಹದಿನಾರು ತಾಸಿನ ರಿಯಾಜನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಹಾಗೆ ಮಾಡಿ ಗಂಟಲು ಕಳೆದುಕೊಂಡವರ ಕಥೆಯನ್ನು ಯಾರೂ ಬರೆದಿಡುವುದಿಲ್ಲ.

ರಾತ್ರಿಯ ರಿಯಾಜ್ ಇವತ್ತಿನಿಂದಲೇ ನಿಲ್ಲಿಸಿ. ಡಾಕ್ಟರು ನೋಡುವವರೆಗೆ ಬೆಳಗಿನದೂ ಬೇಡ. ಪಿಸುಗುಟ್ಟುವುದು ವಿಶ್ರಾಂತಿ ಅಂದುಕೊಳ್ಳಬೇಡಿ, ಅದರಿಂದಲೂ ಗಂಟಲಿಗೆ ಶ್ರಮವಾಗಬಹುದು. ಪದೇ ಪದೇ ಗಂಟಲು ಕೆರೆದು ಸರಿಮಾಡಿಕೊಳ್ಳುವ ಅಭ್ಯಾಸವಿದ್ದರೆ ಒಂದು ಗುಟುಕು ನೀರು ಕುಡಿಯಿರಿ ಸಾಕು. ಹಾಡಬಹುದು ಅಂತ ಡಾಕ್ಟರು ಹೇಳಿದ ಮೇಲೆ ಬೆಳಿಗ್ಗೆ ಐದೂವರೆಗೆ ಮುಕ್ಕಾಲು ತಾಸು ಕೂತುಕೊಳ್ಳಿ. ಮಂದ್ರದಲ್ಲಿ (ಕೆಳಗಿನ ಸ್ವರಗಳಲ್ಲಿ) ನಿಧಾನ, ಆಮೇಲೆ ಒಂದೇ ರಾಗದ ಒಂದೇ ಜಾಗ. ಎಲ್ಲಿ ಒಡೆಯಿತೋ ಅಲ್ಲೇ ನಿಲ್ಲಿಸಿ, ದಬಾಯಿಸಿ ಹತ್ತಬೇಡಿ. ಸಂಜೆ ಬಾಯಿ ಮುಚ್ಚಿಕೊಂಡೇ ಕಲಿಯುವುದು ಬೇಕಾದಷ್ಟಿದೆ: ವಿಲಂಬಿತ ಏಕತಾಲದಲ್ಲಿ ಕೈಯಲ್ಲಿ ತಾಳ ಹಿಡಿದು ಬಂದಿಶ್ ಮನಸ್ಸಿನಲ್ಲೇ ಹೇಳಿಕೊಳ್ಳಿ, ತಾನಗಳನ್ನು ಪುಸ್ತಕದಲ್ಲಿ ಬರೆಯಿರಿ, ಒಳ್ಳೆಯ ಗಾಯಕರ ಒಂದೇ ಆಲಾಪವನ್ನು ನಾಲ್ಕು ಸಲ ಕೇಳಿ. ಭಾನುವಾರ ತಂಬೂರಿಗೆ ಕವರ್ ಹಾಕಿಯೇ ಇರಲಿ.

ತಂಬೂರಿ ಕಂಡರೆ ಸಿಟ್ಟು ಬರುವುದಕ್ಕೆ ನೀವು ನಾಚಬೇಕಾಗಿಲ್ಲ. ಕೆಲಸದ ಒತ್ತಡದಿಂದ ಬಸವಳಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ವಿವರಿಸಿದಾಗ ಮೂರು ಗುರುತು ಹೇಳಿತ್ತು: ತೀರದ ಸುಸ್ತು, ಮಾಡುವ ಕೆಲಸದ ಮೇಲೇ ಬೇಸರ, ಏನು ಮಾಡಿದರೂ ಸರಿಬರುತ್ತಿಲ್ಲ ಅನ್ನುವ ಭಾವನೆ. ಅದು ನೌಕರಿಯ ಕುರಿತು ಹೇಳಿದ್ದು, ನಿಜ. ಆದರೆ ನಿಮ್ಮ ಪತ್ರದಲ್ಲಿ ಮೂರೂ ಕಾಣುತ್ತಿವೆ. ನಾಲ್ಕು ವಾರ ಸರಿಯಾಗಿ ನಿದ್ದೆ ಮಾಡಿದ ಮೇಲೂ ಹೀಗೇ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಅವ್ವನಿಗೆ ಮಾತ್ರ ಇವತ್ತೇ ವಿಷಯ ಹೇಳಿ. ಮಗಳು ಯಾಕೆ ರೇಗುತ್ತಾಳೆ ಅಂತ ತಿಳಿಯದೆ ಅವರೂ ಒಳಗೊಳಗೇ ಕೊರಗುತ್ತಿರಬಹುದು.

ಗುರುಗಳ ಹತ್ತಿರ ವಾದಕ್ಕೆ ಇಳಿಯಬೇಡಿ. ಇಎನ್‌ಟಿ ರಿಪೋರ್ಟ್ ಕೈಯಲ್ಲಿ ಹಿಡಿದು, "ಗುರುಗಳೇ, ಡಾಕ್ಟರು ಇಷ್ಟು ದಿನ ಹಾಡಬೇಡ ಅಂದಿದ್ದಾರೆ. ಅಷ್ಟರಲ್ಲಿ ಕೇಳಿ ಕಲಿಯೋದು ಏನಿದೆ ಹೇಳಿ" ಅಂತ ಕೇಳಿ. ಆಡಿಷನ್ ಅರ್ಜಿಯನ್ನು ಗಂಟಲು ಸರಿಹೋದ ಮೇಲೆ ಹಾಕಿದರಾಯಿತು. ಶಾಲೆಯಲ್ಲಿ ಕಾಲರಿಗೆ ಸಿಕ್ಕಿಸುವ ಸಣ್ಣ ಮೈಕ್ ಬಳಸಲು ಹೆಡ್‌ಮಾಸ್ಟರ ಒಪ್ಪಿಗೆ ಕೇಳಿ. ಆ ಪ್ರಾರ್ಥನೆ ಹಾಡಿಸುವ ಕೆಲಸವನ್ನು ಸದ್ಯಕ್ಕೆ ಒಂಬತ್ತನೇ ತರಗತಿಯ ಹುಡುಗಿಯರಿಗೆ ಒಪ್ಪಿಸಿಬಿಡಿ. ಖುಷಿಯಿಂದಲೇ ಮಾಡುತ್ತಾರೆ.