ಹುಳಿ ಬಿಯರ್ ಕೆಟ್ಟಿದೆಯಾ?

ಪ್ರಶ್ನೆ: ಬೆಂಗಳೂರಲ್ಲಿ ಹಣ್ಣಿನ ಘಮದ ಸೋರ್ ಬಿಯರ್ ಕುಡಿದೆ. ವಿಪರೀತ ಹುಳಿ. ಕೆಟ್ಟಿತ್ತಾ?
– ಓದುಗರು, ಮೂಡಿಗೆರೆ

ಉತ್ತರ: ಖಂಡಿತ ಇಲ್ಲ, ಅದರ ರುಚಿಯೇ ಹುಳಿ. ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾ ಮಾಡುವ ಕೆಲಸ ಅದು. ಬಿಯರ್‌ಗೆ ಕಹಿ, ಘಮ ಕೊಡೋ ಹಾಪ್ಸ್ ಹೂವನ್ನು ಮೊದಲೇ ಹಾಕಿದರೆ ಈ ಬ್ಯಾಕ್ಟೀರಿಯಾ ಸರಿಯಾಗಿ ಬೆಳೆಯಲ್ಲ, ಅದಕ್ಕೇ ಹುಳಿ ಬಂದ ಮೇಲೆ, ಎಷ್ಟೋ ಸಲ ಕೊನೆಗೆ ತಣ್ಣಗಿರುವಾಗಲೇ ಸೇರಿಸುತ್ತಾರೆ. ಕುದಿಸದ ಕಾರಣ ಕಹಿ ಕಮ್ಮಿ, ಘಮ ಜಾಸ್ತಿ. ಸಿಟ್ರಾ ಅನ್ನೋ ಅಮೆರಿಕದ ಹಾಪ್ಸ್ ಇದ್ದರಂತೂ ನಿಮ್ಮ ತೋಟದ ಕಿತ್ತಳೆ ಸುಲಿಯುವಾಗ ಸಿಪ್ಪೆಯಿಂದ ಸಿಡಿಯುತ್ತಲ್ಲ, ಹೆಚ್ಚುಕಮ್ಮಿ ಅದೇ ಘಮ! ಗ್ಲಾಸಿಗೆ ಸುರಿದು ಮೊದಲು ಮೂಸಿ. ಮೊದಲ ಗುಟುಕಿಗೇ ಬೇಡ ಅನ್ನಬೇಡಿ, ನಾಲಿಗೆ ಹೊಂದಿಕೊಳ್ಳಲಿ. ಖಾರದ ಪಂದಿ ಫ್ರೈ ಜೊತೆ ತುಂಬಾ ಚೆನ್ನಾಗಿರುತ್ತೆ. ಹಾಪ್ಸ್ ಘಮ ಬೇಗ ಹೋಗುತ್ತೆ, ಕ್ಯಾನ್ ಆದರೆ ತಾರೀಖು ನೋಡಿ ತಗೊಳ್ಳಿ.