ಐದು ತಿಂಗಳ ಬಸುರಿಯಲ್ಲಿ ಗಂಡ ಹೆಂಡತಿ ಇಬ್ಬರೇ ಸಮುದ್ರದ ಕಡೆ ಹೋಗಿ ಇದ್ದು ಬರಬಹುದಾ? ಎಲ್ಲಿಗೆ ಹೋದರೆ ಒಳ್ಳೆಯದು?

ಡಾಕ್ಟರ್ ಬೇಡ ಅನ್ನದಿದ್ದರೆ ಖಂಡಿತ ಹೋಗಿ ಬನ್ನಿ. ನಿಮಗೀಗ ಐದು ತಿಂಗಳು, ಮೊದಲನೇ ಮಗು, ಇರುವುದು ಬೆಂಗಳೂರಿನಲ್ಲಿ, ಗೋಕರ್ಣಕ್ಕೆ ಹೋಗುವ ಆಸೆ, ಮನೆಯ ಹಿರಿಯರು ಮಾತ್ರ ಒಪ್ಪುತ್ತಿಲ್ಲ ಅಂತ ಬರೆದಿದ್ದೀರಿ. ನಾನೂ ನನ್ನ ಗಂಡನೂ ಹೆಚ್ಚುಕಡಿಮೆ ಇದೇ ತಿಂಗಳಲ್ಲಿ ಬೆಂಗಳೂರಿನಿಂದಲೇ ಹೋಗಿದ್ದೆವು. ಈಗ ಮಗಳು ಶಾಲೆಗೆ ಹೋಗುತ್ತಾಳೆ. ಆ ದಿನಗಳು ಸಿಕ್ಕಿದ್ದು ನಮ್ಮ ಪುಣ್ಯ ಅಂತ ಇವತ್ತಿಗೂ ಅನಿಸುತ್ತದೆ. ಆದರೆ ಜಾಗ ಮಾತ್ರ ಬದಲಾಯಿಸಿ. ಈ ಸಲ ಗೋಕರ್ಣ ಬೇಡ, ಉಡುಪಿ ಕಡೆ ಹೋಗಿ.

ಗೋಕರ್ಣ ಚೆಂದದ ಊರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಓಂ ಬೀಚಿಗೆ ಮೆಟ್ಟಿಲು ಇಳಿದು ಹೋಗಬೇಕು, ಇಳಿದದ್ದನ್ನು ಮತ್ತೆ ಹತ್ತಬೇಕು. ಕುಡ್ಲೆಗೂ ಇಳಿಜಾರಿನ ದಾರಿ. ಹಾಫ್ ಮೂನ್, ಪ್ಯಾರಡೈಸ್ ಬೀಚುಗಳಿಗೆ ಬಂಡೆ ಹಾದಿಯಲ್ಲಿ ನಡೆಯಬೇಕು, ಇಲ್ಲವೇ ದೋಣಿ ಹತ್ತಬೇಕು. ಹೊಟ್ಟೆ ಮುಂದೆ ಬಂದಾಗ ಮೈ ತೂಕದ ಹದ ಬದಲಾಗಿರುತ್ತದೆ, ಕಾಲು ಜಾರುವುದು ಸುಲಭ. ಅದಕ್ಕಿಂತ ದೊಡ್ಡ ಕಾರಣ ಆಸ್ಪತ್ರೆ. ಕುಮಟಾದಲ್ಲಿ ಆಸ್ಪತ್ರೆ ಇದೆ, ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜೂ ಇದೆ. ಆದರೂ ಪರಿಸ್ಥಿತಿ ಕೈಮೀರಿದರೆ ಉತ್ತರ ಕನ್ನಡದ ಜನ ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಓಡಬೇಕು. ನಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ ಅವರು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಗೋಕರ್ಣದಿಂದ ಮಣಿಪಾಲಕ್ಕೆ ಕಾರಿನಲ್ಲಿ ಮೂರು ಗಂಟೆಯಾದರೂ ಬೇಕು. ಐದಾರು ತಿಂಗಳ ಬಸುರಿಗೆ ಅದು ತುಂಬಾ ದೂರ.

ನಾವು ಇಳಿದುಕೊಂಡಿದ್ದು ಕಾಪುವಿನಲ್ಲಿ. ಉಡುಪಿಯಿಂದ ದಕ್ಷಿಣಕ್ಕೆ ಹೆದ್ದಾರಿ 66ರಲ್ಲಿ ಸುಮಾರು 13 ಕಿಲೋಮೀಟರ್. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಅಲ್ಲಿಂದ ಅರ್ಧ ಮುಕ್ಕಾಲು ಗಂಟೆಯ ದಾರಿ. ದಿನ ತುಂಬದ ಶಿಶುಗಳನ್ನು ನೋಡಿಕೊಳ್ಳುವ ಐಸಿಯು ಅಲ್ಲಿದೆ. ನಮಗೆ ಆ ಕಡೆ ಹೋಗುವ ಅಗತ್ಯವೇ ಬರಲಿಲ್ಲ. ಆದರೆ ಹತ್ತಿರದಲ್ಲೇ ಇದೆ ಅಂತ ಗೊತ್ತಿದ್ದರೆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ, ಅಲ್ವಾ? ನಿದ್ದೆಗೇ ತಾನೇ ಅಷ್ಟು ದೂರ ಹೋಗುವುದು.

ಕಾಪುವಿನ ಬೀಚು ಉದ್ದಕ್ಕೆ, ಸಮತಟ್ಟಾಗಿದೆ. ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ಲೈಟ್‌ಹೌಸ್ ಇದೆ. ಸಂಜೆ ಹೊತ್ತು ಜನ ಹತ್ತುತ್ತಾರೆ. ಒಳಗಿನ ಮೆಟ್ಟಿಲು ಕಡಿದಾಗಿದೆ, ನೀವು ಕೆಳಗಿನಿಂದಲೇ ನೋಡಿ. ಇನ್ನೂ ಸ್ವಲ್ಪ ದಕ್ಷಿಣಕ್ಕೆ ಪಡುಬಿದ್ರಿ. ಅಲ್ಲಿನ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಆ ಮಾನ್ಯತೆ ಬೇಕಾದರೆ ಶುಚಿಯಾದ ಶೌಚಾಲಯ, ಜೀವರಕ್ಷಕರು ಎಲ್ಲ ಇರಲೇಬೇಕು. ಬಸುರಿಯಾದವರಿಗೆ ಅರ್ಧ ಗಂಟೆಗೊಮ್ಮೆ ಮೂತ್ರಕ್ಕೆ ಹೋಗಬೇಕು ಅನಿಸುತ್ತದೆ. ತಡೆದು ಇಟ್ಟುಕೊಂಡರೆ, ಹೊರಗೆ ಕಷ್ಟ ಅಂತ ನೀರು ಕುಡಿಯುವುದನ್ನೇ ಬಿಟ್ಟರೆ, ಮೂತ್ರದ ಸೋಂಕು ಬೇಗ ಅಂಟಿಕೊಳ್ಳುತ್ತದೆ. ಹಾಗಾಗಿ ಬೀಚು ಆರಿಸುವಾಗ ನಾನು ಮೊದಲು ನೋಡಿದ್ದು ಶೌಚಾಲಯವನ್ನೇ. ಪಡುಬಿದ್ರಿಯಲ್ಲಿ ಕಾಮಿನಿ ಹೊಳೆ ಸಮುದ್ರ ಸೇರುವ ಜಾಗ ನೋಡಲು ಬಹಳ ಚೆಂದ. ಆದರೆ ಅಳಿವೆ ಬಾಗಿಲಲ್ಲಿ ಸೆಳೆತ ಜಾಸ್ತಿ, ಅಲ್ಲಿ ನೀರಿಗೆ ಇಳಿಯಬೇಡಿ.

ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗೋಣ ಅಂತ ಯಾರಾದರೂ ಕರೆದರೆ ಈ ಸಲ ಬೇಡ ಅನ್ನಿ. ದೋಣಿ ಕುಲುಕುತ್ತದೆ, ಹತ್ತಿ ಇಳಿಯುವುದು ಕಷ್ಟ, ದ್ವೀಪದ ತುಂಬಾ ಕಂಬ ಕಂಬದಂಥ ಬಂಡೆಗಳು. ಮಗು ದೊಡ್ಡದಾದ ಮೇಲೆ ಕರೆದುಕೊಂಡು ಹೋದರಾಯಿತು.

ಈಗ ಯಾವಾಗ ಹೋಗುವುದು ಅನ್ನುವ ಮಾತು. 14ರಿಂದ 28ನೇ ವಾರದವರೆಗಿನ ಸಮಯವೇ ಪ್ರಯಾಣಕ್ಕೆ ಒಳ್ಳೆಯದು ಅಂತ ಡಾಕ್ಟರುಗಳು ಹೇಳುತ್ತಾರೆ. ಅಷ್ಟೊತ್ತಿಗೆ ವಾಂತಿ, ಸುಸ್ತು ಕಡಿಮೆಯಾಗಿರುತ್ತದೆ, ಹೊಟ್ಟೆ ಇನ್ನೂ ಭಾರವಾಗಿರುವುದಿಲ್ಲ. ನಿಮಗೆ 18ರಿಂದ 22 ವಾರದ ಒಳಗೆ ಅನಾಮಲಿ ಸ್ಕ್ಯಾನ್ ಮಾಡಿಸುತ್ತಾರೆ. ಅದು ಮುಗಿಯಲಿ. ಮಗುವಿನ ಬೆಳವಣಿಗೆ ಹೇಗಿದೆ, ಪ್ಲಾಸೆಂಟಾ (ಮಾಸು) ಎಲ್ಲಿದೆ ಅಂತ ಅದರಲ್ಲಿ ಗೊತ್ತಾಗುತ್ತದೆ. ಪ್ಲಾಸೆಂಟಾ ಕೆಳಗಿದೆ, ಗರ್ಭದ ಬಾಯಿ ಗಿಡ್ಡ ಇದೆ, ಬಿಪಿ ಜಾಸ್ತಿ ಇದೆ, ನಡುವೆ ರಕ್ತ ಕಾಣಿಸಿಕೊಂಡಿತ್ತು, ಅವಳಿ ಮಕ್ಕಳು, ಇವುಗಳಲ್ಲಿ ಒಂದಿದ್ದರೂ ಡಾಕ್ಟರ್ ಹತ್ತಿರ ನೇರವಾಗಿ ಕೇಳಿ. ಅವರು ಬೇಡ ಅಂದರೆ ಬೇಡ, ಅಷ್ಟೆ. ಸ್ಕ್ಯಾನ್ ಚೆನ್ನಾಗಿ ಬಂದರೆ ಮನಸ್ಸೂ ಹಗುರಾಗುತ್ತದೆ. ಆ ನೆಮ್ಮದಿಯಲ್ಲಿ ಹೊರಟರೆ ಚೆನ್ನ.

ಕರಾವಳಿಗೆ ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮಾರ್ಚ್ ಬಂತೆಂದರೆ ಸೆಕೆ. ಬಸುರಿಯಲ್ಲಿ ಮೈ ಮೊದಲೇ ಬಿಸಿ ಇರುತ್ತದೆ, ಆ ಬೆವರಿನಲ್ಲಿ ವಿಶ್ರಾಂತಿ ಸಿಗುವುದಿಲ್ಲ. ಜೂನಿನಿಂದ ಸಮುದ್ರ ಮುನಿಯುತ್ತದೆ, ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿಯುವ ಭಯ ಬೇರೆ.

ಬೆಂಗಳೂರಿನಿಂದ ಉಡುಪಿಗೆ ರಸ್ತೆಯಲ್ಲಿ 400 ಕಿಲೋಮೀಟರ್. ಒಂದೇ ಉಸಿರಿಗೆ ಕಾರಿನಲ್ಲಿ ಹೋಗಬೇಡಿ. ನಾವು ಪಂಚಗಂಗಾ ಎಕ್ಸ್‌ಪ್ರೆಸ್ ಹಿಡಿದೆವು. ಸಂಜೆ ಬೆಂಗಳೂರು ಬಿಡುತ್ತದೆ, ಬೆಳಗಿನ ಜಾವಕ್ಕೆ ಉಡುಪಿ. ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸುವ ಕಾಟವಿಲ್ಲ, ಕಾಲು ಚಾಚಿ ಮಲಗಬಹುದು, ಎದ್ದು ಓಡಾಡಬಹುದು. ಗರ್ಭಿಣಿಯರಿಗೆ ರೈಲಿನಲ್ಲಿ ಕೆಳಗಿನ ಬರ್ತಿನ ಕೋಟಾ ಇದೆ. ಡಾಕ್ಟರ್ ಸರ್ಟಿಫಿಕೇಟ್ ತೆಗೆದುಕೊಂಡು ರಿಸರ್ವೇಶನ್ ಕೌಂಟರಿಗೆ ಹೋಗಿ ಕೇಳಿ. ಬಹಳ ಜನರಿಗೆ ಇದು ಗೊತ್ತೇ ಇಲ್ಲ. ಇಂದ್ರಾಳಿಯಲ್ಲಿರುವ ಉಡುಪಿ ಸ್ಟೇಷನ್ನಿಗೆ ಆ ಹೊತ್ತಿನಲ್ಲಿ ಕಾರು ಕಳಿಸಿ ಅಂತ ಹೋಂಸ್ಟೇಯವರಿಗೆ ಮೊದಲೇ ಹೇಳಿಡಿ.

ವಿಮಾನದಲ್ಲಾದರೆ ಮಂಗಳೂರಿಗೆ ಒಂದು ಗಂಟೆ. ಐದಾರು ತಿಂಗಳಲ್ಲಿ ಸಾಮಾನ್ಯವಾಗಿ ತಕರಾರು ಇರುವುದಿಲ್ಲ. 28 ವಾರ ದಾಟಿದ ಮೇಲೆ ಕೆಲವು ಕಂಪನಿಗಳು ಡಾಕ್ಟರ್ ಪತ್ರ ಕೇಳುತ್ತವೆ, ನಿಯಮ ಒಬ್ಬೊಬ್ಬರದು ಒಂದೊಂದು ಥರ. ಕಾರೇ ಬೇಕು ಅಂದರೆ ಹಾಸನದಲ್ಲೋ ಸಕಲೇಶಪುರದಲ್ಲೋ ರಾತ್ರಿ ತಂಗಿ. ಎರಡು ಗಂಟೆಗೊಮ್ಮೆ ಇಳಿದು ನಡೆಯಿರಿ. ಬಸುರಿಯಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಜಾಸ್ತಿ ಇರುತ್ತದೆ, ಕಾಲು ಮಡಚಿ ಗಂಟೆಗಟ್ಟಲೆ ಕೂರಬಾರದು. ಸೀಟ್ ಬೆಲ್ಟಿನ ಅಡ್ಡಪಟ್ಟಿ ಹೊಟ್ಟೆಯ ಮೇಲೆ ಬರದೆ, ಕೆಳಗೆ ತೊಡೆಯ ಮೇಲೆ ಬರಬೇಕು.

ರೂಮು ಕಾಯ್ದಿರಿಸುವಾಗ ಫೋನಿನಲ್ಲೇ ಎಲ್ಲ ಕೇಳಿ. ನೆಲಮಹಡಿಯಾ? ಕಮೋಡ್ ಇದೆಯಾ? ಬಚ್ಚಲ ನೆಲ ಜಾರುತ್ತದಾ? ಕಿಟಕಿಗೆ ಸೊಳ್ಳೆ ಜಾಲರಿ ಇದೆಯಾ? ಈ ಕೊನೆಯದ್ದನ್ನು ಸಣ್ಣದು ಅಂತ ಬಿಡಬೇಡಿ. ಕರಾವಳಿಯಲ್ಲಿ ಸೊಳ್ಳೆ ಜಾಸ್ತಿ, ಬಸುರಿಯರಿಗೆ ಮಲೇರಿಯಾ ಬಂದರೆ ತಾಯಿಗೂ ಮಗುವಿಗೂ ಅಪಾಯ. ಉದ್ದ ತೋಳಿನ ಬಟ್ಟೆ, ಸೊಳ್ಳೆ ಪರದೆ, ಡಾಕ್ಟರ್ ಹೇಳಿದ ಕ್ರೀಮು ಜೊತೆಗಿರಲಿ. ಒಂದು ತಲೆದಿಂಬನ್ನು ಮನೆಯಿಂದಲೇ ಒಯ್ಯಿರಿ. ಎಡ ಮಗ್ಗುಲಾಗಿ ಮಲಗಿ ಮಂಡಿಗಳ ನಡುವೆ ಇಟ್ಟುಕೊಳ್ಳಲು ಅದು ಬೇಕೇ ಬೇಕು. ತಾಯಿ ಕಾರ್ಡ್, ಸ್ಕ್ಯಾನ್ ರಿಪೋರ್ಟುಗಳು, ಮಾತ್ರೆಗಳು ಕೈಚೀಲದಲ್ಲೇ ಇರಲಿ. ರಕ್ತ ಕಂಡರೆ, ನೀರು ಸೋರಿದಂತೆ ಅನಿಸಿದರೆ, ಹೊಟ್ಟೆ ಮತ್ತೆ ಮತ್ತೆ ಬಿಗಿದರೆ, ಜ್ವರ ಬಂದರೆ, ಜೋರು ತಲೆನೋವಿನ ಜೊತೆ ಕಣ್ಣು ಮಂಜಾದರೆ, ನಾಳೆ ನೋಡೋಣ ಅನ್ನದೆ ಆಗಲೇ ಆಸ್ಪತ್ರೆಗೆ ಹೊರಡಿ.

ಅಲ್ಲಿ ಹೋಗಿ ಏನು ಮಾಡುವುದು ಅಂತ ಕೇಳಿದ್ದೀರಿ. ಏನೂ ಮಾಡಬೇಡಿ. ಇದನ್ನು ಮನಸ್ಸಿನಿಂದ ಹೇಳುತ್ತಿದ್ದೇನೆ. ಒಂದೇ ಊರು, ಒಂದೇ ರೂಮು. ಬಂದದ್ದಾಯಿತು, ಮುರುಡೇಶ್ವರ, ಕೊಲ್ಲೂರು, ಧರ್ಮಸ್ಥಳ ಎಲ್ಲ ಮುಗಿಸೋಣ ಅಂತ ಹೊರಟರೆ ವಾಪಸ್ ಬರುವಾಗ ಮೊದಲಿಗಿಂತ ಜಾಸ್ತಿ ದಣಿದಿರುತ್ತೀರಿ. ನಾವು ಬೆಳಿಗ್ಗೆ ಬಿಸಿಲೇರುವ ಮುಂಚೆ ಒದ್ದೆ ಮರಳಿನ ಮೇಲೆ ನಡೆಯುತ್ತಿದ್ದೆವು. ಒಣ ಮರಳಿನಲ್ಲಿ ಕಾಲು ಹೂತು ಸೊಂಟ ನೋಯುತ್ತದೆ, ಒದ್ದೆ ಮರಳು ಗಟ್ಟಿ ಇರುತ್ತದೆ. ನೀರಿಗೆ ಪಾದ ಮುಳುಗುವಷ್ಟು ಇಳಿದರೆ ಸಾಕು. ಮಂಡಿ ಮಟ್ಟದ ಅಲೆಯೂ ಹಿಂದಕ್ಕೆ ಸರಿಯುವಾಗ ಕಾಲಡಿಯ ಮರಳನ್ನು ಎಳೆದುಕೊಂಡು ಹೋಗುತ್ತದೆ, ಆಯ ತಪ್ಪುತ್ತದೆ. ಅದೃಷ್ಟವಿದ್ದರೆ ಕೈರಂಪಣಿ ಬಲೆ ಎಳೆಯುವುದು ಕಾಣಸಿಗುತ್ತದೆ. ಊರವರು ದಡದಲ್ಲಿ ಎರಡು ಸಾಲಾಗಿ ನಿಂತು ಹಗ್ಗ ಎಳೆಯುತ್ತಾರೆ, ಬಲೆ ಹತ್ತಿರ ಬಂದಂತೆ ಮೀನು ಪಟಪಟನೆ ಹಾರುತ್ತದೆ. ಹನ್ನೊಂದರಿಂದ ನಾಲ್ಕು ಗಂಟೆಯವರೆಗೆ ನಾವು ಹೊರಗೆ ಬರುತ್ತಲೇ ಇರಲಿಲ್ಲ. ಊಟ, ನಿದ್ದೆ, ಜಗಲಿಯಲ್ಲಿ ಕೂತು ಮಾತು.

ಊಟಕ್ಕೆ ಆ ಸೀಮೆಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಬೆಳಿಗ್ಗೆ ನೀರುದೋಸೆ. ಹೊಟ್ಟೆ ಸರಿಯಿಲ್ಲದ ದಿನ ನಾವು ಇಳಿದುಕೊಂಡಿದ್ದ ಮನೆಯ ಅಕ್ಕ ಕುಚ್ಚಲಕ್ಕಿ ಗಂಜಿಗೆ ತುಪ್ಪ ಹಾಕಿ, ಜೊತೆಗೆ ಒಂದೆಲಗದ ತಂಬುಳಿ ಕೊಡುತ್ತಿದ್ದರು. ಬಾಯಾರಿದರೆ ಎಳನೀರು. ನೀವು ಮೀನು ತಿನ್ನುವವರಾದರೆ ಬಂಗುಡೆ, ಬೂತಾಯಿ, ಕಾಣೆ ಧಾರಾಳ ತಿನ್ನಿ. ಸಣ್ಣ ಮೀನುಗಳಲ್ಲಿ ಪಾದರಸ ಕಡಿಮೆ, ಮಗುವಿನ ಮೆದುಳಿಗೆ ಬೇಕಾದ ಒಮೆಗಾ-3 ಕೊಬ್ಬು ಜಾಸ್ತಿ. ಬಸುರಿಯರು ವಾರಕ್ಕೆ 225ರಿಂದ 340 ಗ್ರಾಂವರೆಗೆ ಇಂಥ ಮೀನು ತಿನ್ನಬಹುದು ಅಂತ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸಲಹೆ. ಅಂಜಲ್‌ನಂಥ ದೊಡ್ಡ ಮೀನು ಅಪರೂಪಕ್ಕೆ ಸಾಕು, ಶಾರ್ಕ್ ಬೇಡವೇ ಬೇಡ. ಮರುವಾಯಿ (ಚಿಪ್ಪುಮೀನು), ಸಿಗಡಿ ಚೆನ್ನಾಗಿ ಬೆಂದಿರಲಿ. ಪುಳಿಮುಂಚಿ ಅಂದರೆ ಹುಳಿ ಖಾರದ ಮೀನಿನ ಪದಾರ್ಥ, ಅದಕ್ಕೆ ಮೆಣಸು ಕಡಿಮೆ ಹಾಕಿ ಅಂತ ಹೇಳಿದರೆ ಸಂತೋಷದಿಂದ ಹಾಗೇ ಮಾಡಿಕೊಡುತ್ತಾರೆ. ಇಲ್ಲದಿದ್ದರೆ ರಾತ್ರಿ ಎದೆಯುರಿ. ಇನ್ನೊಂದು ಮಾತು, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ, ಆಗ ತಾಜಾ ಮೀನು ಸಿಗುವುದು ಕಷ್ಟ.

ಹಿರಿಯರ ವಿಚಾರ. ಬಸುರಿಯ ಗಂಡ ಸಮುದ್ರ ಸ್ನಾನ ಮಾಡಬಾರದು ಅನ್ನುವ ಪದ್ಧತಿ ನಮ್ಮ ಮನೆಯಲ್ಲೂ ಇದೆ. ಮುಸ್ಸಂಜೆಯಲ್ಲಿ ನೀನು ಹೊರಗಿರಬೇಡ ಅಂತ ಅತ್ತೆಯೂ ಹೇಳಿದ್ದರು. ನಾವು ವಾದ ಮಾಡಲಿಲ್ಲ. ಇವರು ಸಮುದ್ರಕ್ಕೆ ಇಳಿಯುವುದಿಲ್ಲ ಅಂತ ಮಾತು ಕೊಟ್ಟರು, ಕೊಟ್ಟ ಮಾತಿನಂತೆ ಇಡೀ ಹೊತ್ತು ದಡದಲ್ಲಿ ನನ್ನ ಪಕ್ಕದಲ್ಲೇ ಇದ್ದರು. ಸೂರ್ಯ ಮುಳುಗುತ್ತಿದ್ದಂತೆ ಒಳಗೆ ಬರುತ್ತಿದ್ದೆವು, ಸೊಳ್ಳೆ ಏಳುವ ಹೊತ್ತೂ ಅದೇ. ಅತ್ತೆಗೆ ದಿನಾ ಎರಡು ಸಲ ಫೋನ್ ಮಾಡುತ್ತಿದ್ದೆ. ಅವರ ಬೇಡದ ಹಿಂದೆ ಇರುವುದು ಭಯ. ಯಾವ ಆಸ್ಪತ್ರೆ ಎಷ್ಟು ದೂರ, ಡಾಕ್ಟರ್ ಏನು ಹೇಳಿದರು ಅಂತ ಕೂರಿಸಿಕೊಂಡು ಬಿಡಿಸಿ ಹೇಳಿ. ನಮ್ಮ ಅತ್ತೆ ಕೊನೆಗೆ ತಾವೇ ಚಕ್ಕುಲಿ ಮಾಡಿ ಕಟ್ಟಿಕೊಟ್ಟರು.

ಇಷ್ಟೆಲ್ಲ ಕಷ್ಟಪಟ್ಟು ಹೋಗಬೇಕಾ ಅಂತ ನಿಮ್ಮ ಗಂಡನಿಗೆ ಅನಿಸಬಹುದು. ನಮ್ಮ ಕಡೆಯ ರೂಢಿ ನೆನೆಸಿಕೊಳ್ಳಿ. ಏಳನೇ ತಿಂಗಳಲ್ಲಿ ಸೀಮಂತ, ಅದಾದ ಮೇಲೆ ಹೆಣ್ಣು ತವರಿಗೆ. ಹೆರಿಗೆ, ಬಾಣಂತನ ಎಲ್ಲ ಅಲ್ಲೇ. ಗಂಡ ಶನಿವಾರ ಭಾನುವಾರ ಬಂದು ಹೋಗುವ ನೆಂಟ. ತಿಂಗಳುಗಳಾದ ಮೇಲೆ ಮತ್ತೆ ಒಂದೇ ಸೂರಿನಡಿ ಸೇರುವಾಗ ನೀವು ಇಬ್ಬರಲ್ಲ, ಮೂವರು. ಹೀಗೆ ನೋಡಿದರೆ ಇಬ್ಬರೇ ಇರುವ ಕಾಲ ಉಳಿದಿರುವುದು ಬಹಳ ಕಡಿಮೆ. ಬೆಂಗಳೂರಿನಲ್ಲಿ ಅದೂ ಆಫೀಸು, ಟ್ರಾಫಿಕ್ಕಿನಲ್ಲಿ ಕಳೆದುಹೋಗುತ್ತದೆ.

ಆ ಜಗಲಿಯಲ್ಲಿ ನಾವು ಮನೆಯಲ್ಲಿ ಎಂದೂ ಆಡದ ಮಾತು ಆಡಿದೆವು. ನನಗೆ ಹೆರಿಗೆಯ ಬಗ್ಗೆ ಎಷ್ಟು ಹೆದರಿಕೆ ಇದೆ ಅಂತ ಅವರಿಗೆ ಮೊದಲ ಸಲ ಹೇಳಿದ್ದು ಅಲ್ಲೇ. ತಾನು ಒಳ್ಳೆಯ ತಂದೆ ಆಗುತ್ತೇನಾ ಅನ್ನುವ ಅಳುಕು ಅವರಿಗೂ ಇತ್ತು. ದುಡ್ಡಿನ ಲೆಕ್ಕ ಮಾಡಿದೆವು. ರಜೆಯ ಮಾತು ಬಂತು. ಕಾನೂನಿನ ಪ್ರಕಾರ ನಮಗೆ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ರಜೆ ಇದೆ. ಗಂಡಂದಿರಿಗೆ ಕೇಂದ್ರ ಸರ್ಕಾರದ ಕೆಲಸದಲ್ಲಾದರೆ 15 ದಿನ, ಖಾಸಗಿಯವರಿಗೆ ಅಂಥ ಕಾನೂನೇ ಇಲ್ಲ, ಕಂಪನಿ ಕೊಟ್ಟಷ್ಟು. ನಮ್ಮವರು ತಮ್ಮ ಗಳಿಕೆ ರಜೆಯನ್ನೆಲ್ಲ ಉಳಿಸಿ, ನಾನು ತವರಿನಿಂದ ಬಂದ ಮೇಲೆ ತೆಗೆದುಕೊಳ್ಳುವುದು ಅಂತ ಅಲ್ಲೇ ತೀರ್ಮಾನಿಸಿದರು. ಮಗು ಹುಟ್ಟಿದ ದಿನ ಮನೆ ತುಂಬಾ ಜನ ಇರುತ್ತಾರೆ, ಕಷ್ಟ ಬರುವುದು ಎಲ್ಲರೂ ಹೊರಟುಹೋದ ಮೇಲೆ. ಆ ತೀರ್ಮಾನ ನನ್ನನ್ನು ಉಳಿಸಿತು. ನೀವಿಬ್ಬರೂ ಈ ಮಾತನ್ನು ಅಲ್ಲಿ ಆಡಿಯೇ ಬನ್ನಿ.

ಡಿಸೆಂಬರ್ ಕೊನೆಯ ವಾರ ಬೇಡ, ಬೀಚಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಬಾಡಿಗೆಯೂ ದುಬಾರಿ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಉಡುಪಿಯಲ್ಲಿ ಪರ್ಯಾಯ, ಅಂದರೆ ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ ಇರುತ್ತದೆ, ಆ ಸಮಯದಲ್ಲೂ ರೂಮು ಸಿಗುವುದು ಕಷ್ಟ. ಅವೆರಡನ್ನು ಬಿಟ್ಟು, ವಾರದ ನಡುವಿನ ದಿನಗಳಲ್ಲಿ ಹೋಗಿ. ಸ್ಕ್ಯಾನ್ ದಿನವೇ ಡಾಕ್ಟರ್ ಹತ್ತಿರ ಸರ್ಟಿಫಿಕೇಟ್ ಬರೆಸಿಕೊಂಡರೆ ಟಿಕೆಟ್ಟಿಗೆ ಇನ್ನೊಂದು ಓಡಾಟ ಉಳಿಯುತ್ತದೆ.